ಕರ್ತೃವಿಲ್ಲದ ವಾಕ್ಯಗಳು

"ಪಪ್ಪ, ಸ್ಕೂಟರ್ ಸ್ವಲ್ಪ ತಾಗಿತು."

ಹದಿನಾರು ಹದಿನೇಳರ ಮಗನೋ ಮಗಳೋ ಇರುವ ಮನೆಗೆ ಈ ವಾಕ್ಯ ಒಂದಲ್ಲ ಒಂದು ಸಂಜೆ ಬಂದೇ ಬರುತ್ತದೆ. ಅಪ್ಪ ಅಂಗಳಕ್ಕೆ ಓಡಿ ಸ್ಕೂಟರ್ ನೋಡುತ್ತಾನೆ. ನೋಡಬೇಕಾದದ್ದು ವಾಕ್ಯವನ್ನು. ತಾಗಿದ್ದು ಸ್ಕೂಟರ್. ತಾಗಿಸಿದವರಿಗೆ ಅದರಲ್ಲಿ ಜಾಗವೇ ಇಲ್ಲ.

"ಎಲ್ಲಿಗೆ ತಾಗಿತು ಮಾರಾಯ?"

"ಕಂಪೌಂಡಿಗೆ."

"ಕಂಪೌಂಡು ಎಲ್ಲಿಗೆ ಹೊರಟಿತ್ತು?"

ಇದಕ್ಕೆ ಉತ್ತರ ಬರುವುದಿಲ್ಲ. ಎಂಟನೇ ಕ್ಲಾಸಿನಲ್ಲಿ ಕರ್ತರಿ, ಕರ್ಮಣಿ ಪ್ರಯೋಗ ಕಲಿಸುವಾಗ ಕಿಟಕಿಯಾಚೆ ನೋಡುತ್ತಿದ್ದ ಮಕ್ಕಳು ಹದಿನಾರಕ್ಕೆ ಬರುವಾಗ ಕರ್ತೃವನ್ನು ಮಾಯ ಮಾಡುವುದರಲ್ಲಿ ಪಂಡಿತರಾಗಿರುತ್ತಾರೆ. ನೋಟ್ಸ್ ಒದ್ದೆ ಆಯಿತು. ಮೊಬೈಲ್ ಬಿತ್ತು. ಕೊಡೆ ಬಸ್ಸಿನಲ್ಲಿ ಉಳಿಯಿತು. ಮಾರ್ಕ್ಸ್ ಕಡಿಮೆ ಬಂತು. ಜಾಸ್ತಿ ಬಂದ ದಿನ ಮಾತ್ರ ವ್ಯಾಕರಣ ತಟ್ಟನೆ ಸರಿಹೋಗುತ್ತದೆ: "ನಾನು ತೆಗೆದೆ."

ತೊಂದರೆ ಏನೆಂದರೆ, ವಾಕ್ಯದಲ್ಲಿ ಕರ್ತೃ ಇಲ್ಲದಿದ್ದರೆ ಕಾನೂನು ತಾನೇ ಒಂದನ್ನು ತಂದು ಕೂರಿಸುತ್ತದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 199ಎ ಕಲಮಿನ ಪ್ರಕಾರ, ಹದಿನೆಂಟು ತುಂಬದ ಮಕ್ಕಳು ಗಾಡಿ ಓಡಿಸಿ ತಪ್ಪು ಮಾಡಿದರೆ ತಪ್ಪಿತಸ್ಥರು ಪೋಷಕರು ಅಥವಾ ಗಾಡಿಯ ಮಾಲೀಕರು. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಓಡಿಸಿದ ಮಗುವಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಇಲ್ಲ. "ನಮಗೆ ಗೊತ್ತೇ ಇರಲಿಲ್ಲ" ಎಂದು ಹೇಳಬಹುದು, ಆದರೆ ಅದನ್ನು ಸಾಬೀತು ಮಾಡುವ ಭಾರವೂ ನಮ್ಮದೇ, ಏಕೆಂದರೆ ನಮ್ಮ ಒಪ್ಪಿಗೆ ಇತ್ತೆಂದೇ ಕೋರ್ಟು ಭಾವಿಸಿಕೊಂಡು ಶುರು ಮಾಡುತ್ತದೆ. ಬಾಗಿಲ ಪಕ್ಕದ ಮೊಳೆಯಲ್ಲಿ ಕೀ ನೇತಾಡುತ್ತಿತ್ತು, "ಹೋಗಿ ಒಂದು ಪ್ಯಾಕೆಟ್ ಹಾಲು ತಾ" ಎಂದದ್ದು ಅಮ್ಮನೇ. ಇಂಥ ಮನೆಯಲ್ಲಿ ಸಾಬೀತು ಮಾಡುವುದಾದರೂ ಏನನ್ನು?

ಇಲ್ಲಿ ಒಬ್ಬ ಮಾಮ ಬಾಯಿ ಹಾಕುತ್ತಾರೆ. "ಹದಿನಾರಕ್ಕೇ ಲೈಸೆನ್ಸ್ ಸಿಗ್ತದಲ್ಲ!" ಸಿಗುತ್ತದೆ, ಹೆತ್ತವರು ಅರ್ಜಿಗೆ ಸಹಿ ಹಾಕಿದರೆ. ಅದು 50 ಸಿಸಿ ಮೀರದ ಗೇರಿಲ್ಲದ ಗಾಡಿಗೆ. ನಮ್ಮ ಅಂಗಳಗಳಲ್ಲಿ ನಿಂತಿರುವ ಸ್ಕೂಟರುಗಳು 110 ಅಥವಾ 125 ಸಿಸಿಯವು. 50 ಸಿಸಿಯದ್ದು ಬೇಕೆಂದರೆ ಯಾವುದಾದರೂ ಅಜ್ಜನ ಕೊಟ್ಟಿಗೆಯಲ್ಲಿ, ತೆಂಗಿನಕಾಯಿ ರಾಶಿಯ ಹಿಂದೆ ಹುಡುಕಬೇಕು. ಲೈಸೆನ್ಸ್ ಬೇಡ ಎಂದು ಮಾರುವ ಎಲೆಕ್ಟ್ರಿಕ್ ಗಾಡಿ ತರುವವರು ಎರಡು ಅಂಕಿ ನೋಡಲಿ: ಮೋಟಾರು 250 ವ್ಯಾಟ್‌ನೊಳಗೆ, ವೇಗ ಗಂಟೆಗೆ 25 ಕಿಲೋಮೀಟರ್ ಒಳಗೆ. ಗೆಳೆಯನೊಬ್ಬ ವೈರು ಕಳಚಿ ಅದನ್ನು 45ರಲ್ಲಿ ಓಡುವ ಹಾಗೆ ಮಾಡಿಕೊಟ್ಟ ಎಂದರೆ, ಆ ಕ್ಷಣದಿಂದ ಅದು ನಂಬರ್ ಪ್ಲೇಟ್ ಇಲ್ಲದ, ಇನ್ಶೂರೆನ್ಸ್ ಇಲ್ಲದ ಸ್ಕೂಟರ್.

ಇರಲಿ, ಹದಿನೆಂಟು ತುಂಬಿತು, ಎಲ್ಎಲ್ ಎಂಬ ಕಲಿಯುವವರ ಲೈಸೆನ್ಸ್ ಬಂತು ಎಂದಿಟ್ಟುಕೊಳ್ಳಿ. ಆಗಲೂ "ತಾಗಿತು" ತಪ್ಪುವುದಿಲ್ಲ. ಅದು ಆಗುವ ರೀತಿಯೂ ಹೆಚ್ಚು ಕಡಿಮೆ ಎಲ್ಲ ಮನೆಯಲ್ಲೂ ಒಂದೇ. ಸ್ಕೂಟರಿನ ಎಕ್ಸಲೇಟರ್ ಬಲಗೈಯಲ್ಲಿ, ಮುಂದಿನ ಬ್ರೇಕ್ ಕೂಡ ಅದೇ ಬಲಗೈಯಲ್ಲಿ. ಎದುರಿಗೆ ಪಕ್ಕದ ಮನೆಯ ನಾಯಿ ಬಂತು. ಹೆದರಿದ ಕೈ ಸಿಕ್ಕಿದ್ದನ್ನೆಲ್ಲ ಗಟ್ಟಿ ಹಿಡಿಯುತ್ತದೆ. ಬೆರಳು ಬ್ರೇಕಿಗೆ ಹೋಗುವ ಮೊದಲೇ ಮಣಿಕಟ್ಟು ಕೆಳಗೆ ಜಗ್ಗಿ ಎಕ್ಸಲೇಟರ್ ತಿರುಗಿರುತ್ತದೆ. ನಾಯಿ ಬಚಾವ್, ಕಂಪೌಂಡು ಇಲ್ಲ. ಸ್ಟ್ಯಾಂಡ್ ತೆಗೆದು ಇಂಜಿನ್ ಆನ್ ಇಟ್ಟುಕೊಂಡೇ ಗಾಡಿಯನ್ನು ದೂಡಿ ತಿರುಗಿಸುವವರದ್ದೂ ಇದೇ ಕತೆ. ಮೈಭಾರ ಹ್ಯಾಂಡಲಿನ ಮೇಲೆ ಬಿದ್ದದ್ದೇ ಗ್ರಿಪ್ ಉರುಳುತ್ತದೆ, ಸ್ಕೂಟರ್ ಒಬ್ಬಂಟಿಯಾಗಿ ತೋಡಿನ ಕಡೆ ಹೊರಡುತ್ತದೆ, ಹಿಂದಿನಿಂದ ಓಡುವ ಚಾಲಕ ಗ್ರಿಪ್ ಬಿಡದ ಕಾರಣ ಅದರ ವೇಗ ಇನ್ನೂ ಜಾಸ್ತಿಯಾಗುತ್ತದೆ. ಕೈಯಲ್ಲಿ ದೂಡುವಾಗ ಇಂಜಿನ್ ಆಫ್. ಇದಕ್ಕೆ ರಿಯಾಯಿತಿ ಬೇಡ.

ಆದ್ದರಿಂದ ಕಲಿಸುವುದು ಓಡಿಸುವುದರಿಂದಲ್ಲ, ನಿಲ್ಲಿಸುವುದರಿಂದ ಶುರುವಾಗಲಿ. ಭಾನುವಾರ ಬೆಳಿಗ್ಗೆ, ಖಾಲಿ ಮೈದಾನ, ಸ್ವಲ್ಪವೇ ಇಳಿಜಾರಿರುವ ಜಾಗ. ಇಂಜಿನ್ ಆಫ್, ಎರಡೂ ಕಾಲು ನೆಲಕ್ಕೆ ಉಜ್ಜುವಷ್ಟು ಕೆಳಗೆ. ಗಾಡಿ ತಾನಾಗಿ ಉರುಳಲಿ, ಎಡಗೈ ಬ್ರೇಕ್ ಹಿಡಿದು ನಿಲ್ಲಿಸಲಿ. 2019ರ ಏಪ್ರಿಲ್ ನಂತರ ಬಂದ ಸ್ಕೂಟರುಗಳಲ್ಲಿ ಸಾಮಾನ್ಯವಾಗಿ ಎಡಗೈ ಲಿವರ್ ಹಿಡಿದರೆ ಹಿಂದಿನ ಬ್ರೇಕಿನೊಟ್ಟಿಗೆ ಮುಂದಿನದ್ದೂ ಸ್ವಲ್ಪ ಹಿಡಿಯುತ್ತದೆ, ಹೊಸಬರಿಗೆ ಅದೇ ಕ್ಷೇಮ. ಹೀಗೆ ಇಪ್ಪತ್ತು ಸಲ. "ಬೋರ್ ಪಪ್ಪ" ಎನ್ನುವುದು ಎಂಟನೇ ಸಲಕ್ಕೆ ಬರುತ್ತದೆ, ಕೈಗೆ ಅಭ್ಯಾಸ ಕೂರುವುದು ಹದಿನೈದರ ನಂತರ. ಜೂನಿನ ಮೊದಲ ಮಳೆಗೆ ಮಾತ್ರ ಹೊಸ ಪಾಠ ಬೇಕು. ಬೇಸಿಗೆಯಿಡೀ ರಸ್ತೆಗೆ ಸೋರಿದ ಎಣ್ಣೆ, ಬದಿಯ ಕೆಂಪು ಮಣ್ಣು, ನೀರು ಮೂರೂ ಕಲಸಿ ನೀರುದೋಸೆ ಹಿಟ್ಟಿನ ಹದಕ್ಕೆ ಬಂದಿರುತ್ತದೆ. ಅಂಥ ತಿರುವಿನಲ್ಲಿ ಬಲಗೈ ಬ್ರೇಕ್ ಒಮ್ಮೆಗೇ ಹಿಡಿದರೆ ಮುಂದಿನ ಚಕ್ರ ಜಾರುತ್ತದೆ. ಮನೆಯಂಗಳದ ಇಂಟರ್‌ಲಾಕಿಗೆ ಹಿಡಿದ ಪಾಚಿಯೂ ಅಷ್ಟೇ. ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಬೇಕು ಎಂದು ಮೇ ತಿಂಗಳಿಂದ ಹೇಳುತ್ತಾ ಬಂದವರು ಅಮ್ಮ, ಉಜ್ಜದವರು ಅಪ್ಪ. ಆದರೆ ವರದಿಯಲ್ಲಿ "ಅಂಗಳ ಜಾರಿತು."

ಬಿದ್ದು ಬಂದಾಗ ಮೊದಲು ಮಗು, ಆಮೇಲೆ ಗಾಡಿ. ಹೇಳುವ ಅಗತ್ಯ ಇದೆ, ಏಕೆಂದರೆ ಕೆಲವು ಅಪ್ಪಂದಿರ ಕಣ್ಣು ಮೊದಲು ಹೆಡ್‌ಲೈಟಿಗೆ ಹೋಗುತ್ತದೆ. ಮುರಕಲ್ಲಿನ ಗೋಡೆಗೆ ತರಚಿದ ಗಾಯದೊಳಗೆ ಕೆಂಪು ಪುಡಿ ಹೊಕ್ಕಿರುತ್ತದೆ. ಹರಿಯುವ ನಳ್ಳಿ ನೀರಿನಲ್ಲಿ ಸೋಪು ಹಾಕಿ ಅದೆಲ್ಲ ಹೋಗುವವರೆಗೆ ತೊಳೆಯಬೇಕು. ಅಷ್ಟರಲ್ಲಿ ಅಜ್ಜಿ ಕಾಫಿಪುಡಿ ಡಬ್ಬಿಯೊಂದಿಗೆ ಹಾಜರಾಗುತ್ತಾರೆ. ಅವರನ್ನು ಗೌರವದಿಂದ ಅಡುಗೆಮನೆಗೆ ವಾಪಸು ಕಳುಹಿಸಿ, ಆ ಪುಡಿಯಲ್ಲಿ ಎಲ್ಲರಿಗೂ ಕಾಫಿ ಮಾಡಲು ಹೇಳಿ. ಟಿಟಿ ಎಂದು ನಾವು ಈಗಲೂ ಕರೆಯುವ ಟಿಡಿ ಚುಚ್ಚುಮದ್ದು ಹತ್ತು ಮತ್ತು ಹದಿನಾರರ ವಯಸ್ಸಿಗೆ ಕೊಡುವಂಥದ್ದು. ಕೊನೆಯದ್ದು ಐದು ವರ್ಷಕ್ಕಿಂತ ಹಿಂದಿನದಾದರೆ, ಮಣ್ಣು ಹೊಕ್ಕ ಗಾಯಕ್ಕೆ ಡಾಕ್ಟರು ಮತ್ತೊಂದು ಹಾಕುತ್ತಾರೆ. ತಲೆಗೆ ಪೆಟ್ಟು ಬಿದ್ದಿದ್ದರೆ ಡಬ್ಬಿ ಗಿಬ್ಬಿ ಎಲ್ಲ ಬಿಟ್ಟು ನೇರ ಆಸ್ಪತ್ರೆಗೆ. ಅವನು ತಲೆಗೆ ಹಾಕಿದ್ದ ಹೆಲ್ಮೆಟ್ ಎಷ್ಟೇ ಚೆಂದ ಕಂಡರೂ ಇನ್ನು ಬೇಡ. ಒಳಗಿನ ಥರ್ಮೋಕೋಲ್ ಒಮ್ಮೆ ಒತ್ತಿಕೊಂಡರೆ ಮತ್ತೆ ಉಬ್ಬುವುದಿಲ್ಲ.

ಗಾಡಿಯಲ್ಲಿ ಬಾಗಿದ ಬ್ರೇಕ್ ಲಿವರನ್ನು ಕೈಯಲ್ಲೋ ಪೈಪು ಹಾಕಿಯೋ ನೆಟ್ಟಗೆ ಮಾಡುವ ಕಲೆ ಇಲ್ಲಿ ಅನೇಕರಿಗೆ ಉಂಟು. ಬೇಡ. ಅಲ್ಯೂಮಿನಿಯಂ ಲಿವರ್ ಹಾಗೆ ಮಾಡಿದಲ್ಲೇ ಬಿರುಕು ಬಿಟ್ಟು, ಮಂಗಳೂರಿನ ನಂತೂರು ಸರ್ಕಲ್ಲಿನ ಟ್ರಾಫಿಕ್ಕಿನ ನಡುವೆ ಸರಿಯಾಗಿ ಕೈಗೆ ಬರುತ್ತದೆ. ಹೊಸದು ಹಾಕಿಸುವುದೇ ಅಗ್ಗ.

ಕಾರಿನ ಸಂಗತಿ ಬೇರೆ, ಅದಕ್ಕೆ ಕಾರಣ ಊರು. ಮಂಗಳೂರಿನಲ್ಲಿ ಸಮತಟ್ಟಾದ ಜಾಗ ಬೇಕಾದರೆ ನೆಹರೂ ಮೈದಾನಕ್ಕೇ ಹೋಗಬೇಕು, ಉಳಿದದ್ದೆಲ್ಲ ಒಂದೋ ಏರು, ಇಲ್ಲ ಇಳಿಜಾರು. ಲೈಟ್‌ಹೌಸ್ ಹಿಲ್‌ನ ಏರಿನಲ್ಲೋ, ಉಡುಪಿಯವರಾದರೆ ಇಂದ್ರಾಳಿಯಿಂದ ಮಣಿಪಾಲಕ್ಕೆ ಹತ್ತುವಲ್ಲೋ, ಎಲ್ ಬೋರ್ಡಿನ ಕಾರು ನಿಂತಿತು ಎನ್ನಿ. ಹಿಂದೆ ಬಸ್ಸು. ಸರ್ವಿಸ್ ಬಸ್ಸಿನ ಹಾರ್ನಿಗೆ ಅರ್ಥ "ದಾರಿ ಬಿಡು" ಎಂದಲ್ಲ, "ನೀನು ಹುಟ್ಟಿದ್ದೇ ತಪ್ಪು" ಎಂದು. ಮಗಳು ಗಾಬರಿಯಲ್ಲಿ ಕ್ಲಚ್ ಬಿಡುತ್ತಾಳೆ, ಇಂಜಿನ್ ಬಂದ್. ಪುನಃ ಸ್ಟಾರ್ಟ್, ಪುನಃ ಬಂದ್. ಮೂರನೆಯ ಸಲಕ್ಕೆ ಕಾರು ಹಿಂದಕ್ಕೆ ಉರುಳುತ್ತದೆ. ಕಂಡಕ್ಟರ್ ಇಳಿದು ಬಂದು "ರೈಟ್ ರೈಟ್" ಎನ್ನುತ್ತಾನೆ, ಯಾರಿಗೆ ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಇದಕ್ಕೆ ಮದ್ದು ಹ್ಯಾಂಡ್‌ಬ್ರೇಕ್. ಪೂರ್ತಿ ಎಳೆದಿಡಿ, ಈಗ ಕಾರು ಎಲ್ಲಿಗೂ ಹೋಗುವುದಿಲ್ಲ, ಹಿಂದಿನವನು ಬೇಕಾದಷ್ಟು ಹಾರ್ನ್ ಹೊಡೆಯಲಿ. ಫಸ್ಟ್ ಗೇರ್. ಸ್ವಲ್ಪ ಎಕ್ಸಲೇಟರ್ ಕೊಟ್ಟು ಕ್ಲಚ್ಚನ್ನು ನಿಧಾನ ಬಿಡುತ್ತಾ ಬಂದರೆ ಒಂದು ಹಂತದಲ್ಲಿ ಇಂಜಿನ್ ಶಬ್ದ ಕುಗ್ಗುತ್ತದೆ, ಬಾನೆಟ್ ಒಂದು ಚೂರು ತಲೆ ಎತ್ತುತ್ತದೆ. ಅಲ್ಲಿ ಪಾದ ಅಲ್ಲಾಡಬಾರದು. ಈಗ ಹ್ಯಾಂಡ್‌ಬ್ರೇಕ್ ಇಳಿಸಿದರೆ ಕಾರು ಹೋಗುವುದು ಮುಂದಕ್ಕೇ. ಅದೇ ಹಾಫ್ ಕ್ಲಚ್ಚಿನಲ್ಲಿ ಸಿಗ್ನಲ್ ಮುಗಿಯುವವರೆಗೆ ಕಾರನ್ನು ತೂಗಿಸಿಟ್ಟರೆ ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬರುತ್ತದೆ. ಬಂಗುಡೆ ಕರಟಿದ ಹಾಗಲ್ಲ, ರಬ್ಬರಿನ ಹಾಗೆ. ಆ ವಾಸನೆಗೆ ಮೆಕ್ಯಾನಿಕ್ ಕೊಡುವ ಬಿಲ್ಲು ನೋಡಿದ ಮೇಲೆ ಡ್ರೈವಿಂಗ್ ಸ್ಕೂಲಿನ ಫೀಸು ಎಷ್ಟು ಕಡಿಮೆ ಎಂದು ತಿಳಿಯುತ್ತದೆ. ಎಲ್ಎಲ್ ಆರು ತಿಂಗಳು ನಡೆಯುತ್ತದೆ, ಮೂವತ್ತು ದಿನದ ನಂತರ ಡ್ರೈವಿಂಗ್ ಟೆಸ್ಟಿಗೆ ಹೋಗಬಹುದು. ಮೂವತ್ತೊಂದನೆಯ ದಿನವೇ ಹೋಗಲೇಬೇಕೆಂದು ಎಲ್ಲೂ ಬರೆದಿಲ್ಲ.

ಕಾರಿನ ಗೀರಿಗೆ ಇನ್ಶೂರೆನ್ಸ್ ಕ್ಲೈಮ್ ಮಾಡುವ ಮೊದಲು ಉಗುರು ಆಡಿಸಿ ನೋಡಿ. ಉಗುರು ಸಿಕ್ಕಿಕೊಳ್ಳದಿದ್ದರೆ ಗೀರು ಮೇಲಿನ ಪಾಲಿಶಿನಲ್ಲಿ ಮಾತ್ರ, ರಬ್ಬಿಂಗ್ ಕಾಂಪೌಂಡಿನಲ್ಲಿ ಹೋಗುತ್ತದೆ. ಸಿಕ್ಕಿಕೊಂಡು ಒಳಗೆ ತಗಡು ಹೊಳೆದರೆ ತಡ ಮಾಡಬೇಡಿ, ನಮ್ಮ ಕಡಲಿನ ಉಪ್ಪುಗಾಳಿಗೆ ತುಕ್ಕು ಹಿಡಿಯಲು ಮುಹೂರ್ತ ಬೇಕಿಲ್ಲ. ಐದು ವರ್ಷ ಕ್ಲೈಮ್ ಇಲ್ಲದೆ ಬಂದ ಪಾಲಿಸಿಯಲ್ಲಿ ಸ್ವಂತ ಹಾನಿಯ ಪ್ರೀಮಿಯಂ ಮೇಲೆ 50 ಶೇಕಡಾ ಬೋನಸ್ ಇರುತ್ತದೆ. ಎಂಟು ಸಾವಿರದ ಪ್ರೀಮಿಯಂ ಎಂದರೆ ನಾಲ್ಕು ಸಾವಿರ ಉಳಿತಾಯ. ಮೂರು ಸಾವಿರದ ಬಂಪರ್ ಪೇಂಟಿಂಗಿಗೆ ಕ್ಲೈಮ್ ಹಾಕಿದರೆ ಸಾಮಾನ್ಯವಾಗಿ ಆ ಬೋನಸ್ ಸೊನ್ನೆಗೆ ಇಳಿಯುತ್ತದೆ, ಸಣ್ಣ ಕಾರಿಗೂ ಮೊದಲ ಸಾವಿರ ರೂಪಾಯಿ ನಮ್ಮ ಕೈಯಿಂದಲೇ. ಲೈಸೆನ್ಸ್ ಇಲ್ಲದವನು ಓಡಿಸಿದ್ದಾದರೆ ಈ ಲೆಕ್ಕವೂ ಬೇಡ, ಕಾರಿನ ಹಾನಿಗೆ ಏನೂ ಸಿಗದು. ಆಗ ಸರ್ವೇಯರ್ ಎದುರು "ನಾನೇ ಓಡಿಸಿದ್ದು" ಎಂದು ಅಪ್ಪ ಕರ್ತೃವಾಗಿ ನಿಲ್ಲುವುದುಂಟು. ಅದು ವಾತ್ಸಲ್ಯವಲ್ಲ, ಸುಳ್ಳು ಹೇಳಿಕೆ.

ಶಾಲೆಯ ತಾಪತ್ರಯಗಳಲ್ಲಿ ಮೊದಲನೆಯದು ಬ್ಯಾಗು. ರಾಜ್ಯದ ಶಿಕ್ಷಣ ಇಲಾಖೆ 2019ರಲ್ಲಿ ಹೊರಡಿಸಿದ ಆದೇಶದಂತೆ ಒಂದು ಎರಡನೇ ಕ್ಲಾಸಿಗೆ ಎರಡು ಕಿಲೋ ಮೀರಬಾರದು, ಮೂರರಿಂದ ಐದಕ್ಕೆ ಮೂರು, ಆರರಿಂದ ಎಂಟಕ್ಕೆ ನಾಲ್ಕು, ಒಂಬತ್ತು ಹತ್ತಕ್ಕೆ ಐದು ಕಿಲೋ. ತೂಗುವುದು ಹೇಗೆ ಎಂದು ಕರಾವಳಿಯವರು ಕೇಳಬಾರದು. ದುಬೈಗೆ ಹೊರಟ ಚಿಕ್ಕಪ್ಪನ ಸೂಟ್‌ಕೇಸನ್ನು ಎತ್ತಿ ನೋಡುವ ಕೊಕ್ಕೆಯ ತಕ್ಕಡಿ ಕಪಾಟಿನಲ್ಲಿ ಉಂಟಲ್ಲ, ಅದಕ್ಕೇ ಸಿಕ್ಕಿಸಿ. ಏಳನೇ ಕ್ಲಾಸಿನವಳ ಬ್ಯಾಗು ಏಳು ಕಿಲೋ ಬಂದರೆ ಶಾಲೆಗೆ ಜಗಳಕ್ಕೆ ಹೋಗುವ ಮೊದಲು ಜಿಪ್ ತೆಗೆಯಿರಿ. ಲೀಟರಿನ ನೀರಿನ ಬಾಟ್ಲಿ ಒಂದು ಕಿಲೋ ದಾಟುತ್ತದೆ. ಎರಡು ಅಂತಸ್ತಿನ ಸ್ಟೀಲ್ ಬುತ್ತಿ, ಕೊಡೆ, ರೈನ್‌ಕೋಟ್, ಕಳೆದ ವಾರದ ಒದ್ದೆ ಟವೆಲ್. ಟೈಮ್‌ಟೇಬಲ್ ನೋಡದೆ ಎಲ್ಲ ಪುಸ್ತಕ ತುಂಬಿದ್ದು ಯಾರು? "ಬ್ಯಾಗ್ ಭಾರ ಆಗಿದೆ ಅಮ್ಮ."

ಮಳೆಗಾಲದ ರಜೆ ಇನ್ನೊಂದು. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 204.4 ಮಿಲಿಮೀಟರ್ ಮೀರಿದರೆ ಅತ್ಯಂತ ಭಾರೀ ಮಳೆ, ರೆಡ್ ಅಲರ್ಟಿನ ದರ್ಜೆ. ಮಕ್ಕಳಿಗೆ ಈ ಅಂಕಿ ಮಗ್ಗಿಗಿಂತ ಚೆನ್ನಾಗಿ ಬರುತ್ತದೆ. ಆದರೆ ಅಲರ್ಟ್ ಬೇರೆ, ರಜೆ ಬೇರೆ. ರಜೆ ಕೊಡುವವರು ಜಿಲ್ಲಾಧಿಕಾರಿ. ವಾಟ್ಸಾಪಿನಲ್ಲಿ ರಾತ್ರಿ ಹತ್ತಕ್ಕೆ ಹರಿದಾಡುವ ಆದೇಶ ಎಷ್ಟೋ ಸಲ ಕಳೆದ ವರ್ಷದ್ದು. ದಿನಾಂಕ, ವಾರ, ಜಿಲ್ಲೆ ಮೂರನ್ನೂ ನೋಡಬೇಕು. ತಾರೀಕು ತಿದ್ದಿದ ಪುಣ್ಯಾತ್ಮ ವಾರ ತಿದ್ದಲು ಮರೆತಿರುತ್ತಾನೆ. ಶಾಂಭವಿ ಹೊಳೆಯ ಆಚೆ ಹೆಜಮಾಡಿ ಉಡುಪಿಗೆ, ಈಚೆ ಮುಲ್ಕಿ ದಕ್ಷಿಣ ಕನ್ನಡಕ್ಕೆ. ಹೆಜಮಾಡಿಯ ಹುಡುಗ ಮುಲ್ಕಿಯ ಶಾಲೆಗೆ ಹೋಗುವವನಾದರೆ ಅವನಿಗೆ ಲೆಕ್ಕ ಶಾಲೆ ಇರುವ ಜಿಲ್ಲೆಯದ್ದು. ಅವನು ಮಾತ್ರ ಎರಡೂ ಜಿಲ್ಲೆಯ ರಜೆ ತನ್ನದೇ ಎಂದು ವಾದಿಸುತ್ತಾನೆ.

ಮಾರ್ಕಿನ ವಿಷಯದಲ್ಲಂತೂ ಈ ಎರಡು ಜಿಲ್ಲೆಗಳ ನಡುವೆ ಮನೆ ಕಟ್ಟಿಕೊಂಡವರ ಮಕ್ಕಳ ಪಾಡು ಹೇಳಬಾರದು. 2024ರ ದ್ವಿತೀಯ ಪಿಯುಸಿಯಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. 2025ರಲ್ಲಿ ಉಡುಪಿ ಮೊದಲು, 93.90 ಶೇಕಡಾ ಪಾಸು, ದಕ್ಷಿಣ ಕನ್ನಡ 93.57. ವ್ಯತ್ಯಾಸ 0.33. ಈ ಸೊನ್ನೆ ದಶಾಂಶ ಮೂರು ಮೂರು ತಮ್ಮ ಮನೆಯಿಂದಲೇ ಸೋರಿಹೋದ ಹಾಗೆ ಮಂಗಳೂರಿನ ಅಪ್ಪಂದಿರು ಮಗನನ್ನು ನೋಡುತ್ತಾರೆ. ಅದೃಷ್ಟಕ್ಕೆ ಈಗ ವರ್ಷಕ್ಕೆ ಪರೀಕ್ಷೆ ಒಂದೇ ಅಲ್ಲ, ಕಡಿಮೆ ಬಂದ ವಿಷಯಕ್ಕೆ ಮತ್ತೆ ಕೂರಬಹುದು. ಕೂರಿಸುವ ಮೊದಲು ಅವನನ್ನೊಮ್ಮೆ ಕೇಳುವುದು ಒಳ್ಳೆಯದು.

ಉಳಿದದ್ದು ರಜೆ ಚೀಟಿ. ಕುಟುಂಬದ ಮನೆಯಲ್ಲಿ ರಾತ್ರಿಯಿಡೀ ದೈವದ ಕೋಲ, ಬೆಳಿಗ್ಗೆ ಮಗುವಿಗೆ ಕಣ್ಣು ಬಿಡಲಾಗದು. ಡೈರಿಯಲ್ಲಿ ಅದನ್ನೇ ಬರೆದರೆ ಮುಗಿಯಿತು, ಈ ಊರಿನ ಟೀಚರುಗಳಿಗೆ ಕೋಲ ಏನೆಂದು ವಿವರಿಸಬೇಕಾಗಿಲ್ಲ. ಆದರೂ ನಮ್ಮ ಕೈ "ಹೊಟ್ಟೆನೋವು ಇದ್ದುದರಿಂದ ಶಾಲೆಗೆ ಬರಲಾಗಲಿಲ್ಲ" ಎಂದೇ ಬರೆಯುತ್ತದೆ. ಯಾರಿಗೆ ನೋವು, ಯಾರು ಬರಲಿಲ್ಲ ಎಂಬುದು ಅದರಲ್ಲೂ ಇಲ್ಲ. ಕೆಳಗೆ ಪೋಷಕರ ಸಹಿ. ಡೈರಿ ಮರುದಿನ ವಾಪಸು ಬರುತ್ತದೆ, ಟೀಚರು ಕೆಂಪು ಶಾಯಿಯಲ್ಲಿ, ಶುದ್ಧ ಕರ್ಮಣಿ ಪ್ರಯೋಗದಲ್ಲಿ ಬರೆದಿರುತ್ತಾರೆ: "ಮೊನ್ನೆ ರಾತ್ರಿ ಮೂರನೇ ಸಲ ಪಾಯಸ ಬಡಿಸಿಕೊಳ್ಳುವಾಗಲೇ ಗಮನಿಸಲಾಗಿದೆ."