ಗುಡ್ಡ, ಗೊಂಬೆ ಮತ್ತು ಗೋಣಿತಾಟಿನ ಕೋಟೆ

ಕಳೆದ ದಸರೆಗೆ ಪುಣೆಯಿಂದ ಬೆಂಗಳೂರಿನ ಅಕ್ಕನ ಮನೆಗೆ ಬಂದಿದ್ದಾಗ, ಭಾನುವಾರದ ಬೆಳಗಿನ ಜಾವ ಮೂರೂವರೆಗೇ ಭಾವ ಎಲ್ಲರನ್ನೂ ಎಬ್ಬಿಸಿ ಕಾರಿನಲ್ಲಿ ಕೂರಿಸಿದರು. ನಂದಿ ಬೆಟ್ಟದಲ್ಲಿ ಸೂರ್ಯೋದಯ ನೋಡುವುದೆಂದು ಹಿಂದಿನ ರಾತ್ರಿಯೇ ನಿಶ್ಚಯವಾಗಿತ್ತು. ಗಿರಿನಗರದಿಂದ ಹೊರಟು, ಅರವತ್ತು ಚಿಲ್ಲರೆ ಕಿಲೋಮೀಟರ್ ದಾಟಿ ಬೆಟ್ಟದ ಬುಡ ಸೇರುವ ಹೊತ್ತಿಗೆ ನಮಗಿಂತ ಮೊದಲೇ ಎದ್ದವರ ಕಾರು, ಬೈಕುಗಳು ಸಾಲುಗಟ್ಟಿ ನಿಂತಿದ್ದವು. ಸೂರ್ಯನು ಮುಂದಿದ್ದ ಟೆಂಪೊ ಟ್ರಾವೆಲರ್‌ನ ಮರೆಯಲ್ಲಿ ಹುಟ್ಟಿ, ನಾವು ಮೇಲೆ ಹೋಗಿ ಇಳಿಯುವಷ್ಟರಲ್ಲಿ ಸುಡತೊಡಗಿದ್ದ. 1,478 ಮೀಟರ್ ಎತ್ತರದ ಬೆಟ್ಟದಲ್ಲಿ ನಾವು ನಡೆದದ್ದು ಗಾಡಿ ನಿಲ್ಲಿಸಿದ ಜಾಗದಿಂದ ತಿಂಡಿ ಸಿಗುವ ಜಾಗದವರೆಗೆ. ಹತ್ತು ವರ್ಷದ ನನ್ನ ಸೋದರಳಿಯ ಚಟ್ನಿಯಲ್ಲಿ ಇಡ್ಲಿ ಅದ್ದುತ್ತ, "ಮಾವ, ಟ್ರೆಕ್ಕಿಂಗ್ ಅಂದ್ರೆ ಇಷ್ಟೇನಾ?" ಎಂದು ಕೇಳಿದ. ಭಾವ ನಕ್ಕರು. ನನಗೆ ಉತ್ತರ ಹೊಳೆಯಲಿಲ್ಲ.

ಹದಿನೆಂಟು ವರ್ಷಗಳಿಂದ ಪುಣೆಯಲ್ಲಿರುವ ನನ್ನನ್ನು ಬೆಂಗಳೂರಿನ ನೆಂಟರು ಆಗಾಗ ಕೇಳುವ ಪ್ರಶ್ನೆಯೆಂದರೆ, ಆ ಊರಿನಲ್ಲಿ ನಿಮಗೆ ಹೊತ್ತು ಹೋಗುವುದಾದರೂ ಹೇಗೆ ಎಂಬುದು. ಮಾಲುಗಳು, ಹೋಟೆಲುಗಳು ಅಲ್ಲಿಯೂ ಇವೆ; ವಾಹನ ದಟ್ಟಣೆಯಲ್ಲಿಯೂ ಆ ಊರು ಬೆಂಗಳೂರಿಗೆ ಸೋಲುವಂಥದ್ದಲ್ಲ. ಆದರೆ ಅಲ್ಲಿ ನಾನು ಕಲಿತ ಮೊದಲ ಕೆಲವು ಮರಾಠಿ ಪದಗಳಲ್ಲಿ 'ಟೇಕಡಿ' ಎಂಬುದೊಂದು. ನಮ್ಮ ಗುಡ್ಡವೇ ಅದು. ಕೊಥ್ರೂಡಿನ ನಮ್ಮ ಮನೆಯಿಂದ ನಡೆದೇ ಹೋಗಬಹುದಾದ ವೇತಾಳ ಟೇಕಡಿ ಪುಣೆ ನಗರದೊಳಗಿನ ಅತಿ ಎತ್ತರದ ಸ್ಥಳ. ಕೈಬಿಟ್ಟ ಕಲ್ಲುಗಣಿಯೊಂದರಲ್ಲಿ ನೀರು ನಿಂತಿದೆ, ನವಿಲುಗಳಿವೆ, ಬೇಸಿಗೆಯಲ್ಲಿ ಒಣ ಹುಲ್ಲಷ್ಟೇ ಇರುತ್ತದೆ. ನೋಡತಕ್ಕದ್ದೆಂದು ಯಾರೂ ಪ್ರವಾಸಿಗರನ್ನು ಅಲ್ಲಿಗೆ ಕರೆದೊಯ್ಯಲಾರರು. ಆದರೂ ಬೆಳಿಗ್ಗೆ ಆರಕ್ಕೆ ಅಲ್ಲಿ ನಿವೃತ್ತ ಗುಮಾಸ್ತರು, ನಾಯಿ ಹಿಡಿದ ಹುಡುಗಿಯರು, ಮೊಮ್ಮಕ್ಕಳ ಕೈ ಹಿಡಿದ ಅಜ್ಜಿಯರು ದಿನವೂ ಹತ್ತುತ್ತಿರುತ್ತಾರೆ. ಊರ ಇನ್ನೊಂದು ಬದಿಯ ಪರ್ವತಿ ಗುಡ್ಡದಲ್ಲಿಯೂ ಹೀಗೆಯೇ. ನಾನಾಸಾಹೇಬ ಪೇಶ್ವೆಯ ಕಾಲದ ದೇವಸ್ಥಾನಕ್ಕೆ ಹತ್ತುವ ನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಒಂದೇ ಬೆಳಿಗ್ಗೆ ಐದು ಸಲ ಹತ್ತಿಳಿಯುವವರನ್ನು ನಾನು ಕಂಡಿದ್ದೇನೆ. ಅವರಲ್ಲಿ ದೇವರಿಗೆ ಕೈ ಮುಗಿಯುವವರು ಎಷ್ಟು ಜನ ಎಂಬುದು ಬೇರೆ ವಿಷಯ.

ಬೆಂಗಳೂರಿನವರಾದ ನಾವು ಸಾಹಸವನ್ನು ಊರಿನಿಂದ ಹೊರಗಿಟ್ಟಿದ್ದೇವೆ ಎಂಬುದು ನನ್ನ ಆಕ್ಷೇಪ. ವಾರವೆಲ್ಲ ದುಡಿದು, ಶನಿವಾರ ಪೆಟ್ರೋಲ್ ತುಂಬಿಸಿ, ಭಾನುವಾರ ದೂರ ಹೋಗಿ, ಫೋಟೊ ಹಿಡಿದು ತಂದರೆ ಅದು ಸಾಹಸ. ಮನೆಯಿಂದ ಹದಿನೈದು ನಿಮಿಷ ನಡೆದು ಬಂಡೆಯೊಂದನ್ನು ಹತ್ತಿದರೆ ಅದು ಬರಿಯ 'ವಾಕಿಂಗ್', ಅದೂ ಸಕ್ಕರೆ ಕಾಯಿಲೆಯವರಿಗೆ ವೈದ್ಯರು ಬರೆದುಕೊಟ್ಟದ್ದು. ಪುಣೆಯವನಿಗೂ ದೂರದ ಬೆಟ್ಟಗಳ ಹುಚ್ಚಿದೆ. ಅಲ್ಲಿನ ಗಿರಿಪ್ರೇಮಿ ಎಂಬ ಹವ್ಯಾಸಿಗಳ ಸಂಸ್ಥೆಯವರು 2012ರಲ್ಲಿ ಎವರೆಸ್ಟ್ ಏರಿ ಬಂದರು. ಆದರೆ ಆ ಹುಚ್ಚು ಹತ್ತುವುದು ಟೇಕಡಿಯಲ್ಲಿ, ಆಮೇಲೆ ಮೂವತ್ತು ಕಿಲೋಮೀಟರ್ ದೂರದ ಸಿಂಹಗಡದ ಬೆಟ್ಟಕೋಟೆಯಲ್ಲಿ. ಸಿಂಹಗಡಕ್ಕೆ ಮೇಲಿನವರೆಗೂ ಡಾಂಬರು ರಸ್ತೆಯಿದ್ದರೂ ಬುಡದಿಂದ ಕಾಲುದಾರಿಯಲ್ಲಿಯೇ ಹತ್ತುವವರು ಬೇಕಾದಷ್ಟು ಜನ. ಹತ್ತಿದ ಮೇಲೆ ಝುಣಕಾ ಭಾಕರಿಯನ್ನೂ ಕುಡಿಕೆಯ ಮೊಸರನ್ನೂ ತಿನ್ನುವುದು ವ್ರತದಷ್ಟೇ ಕಡ್ಡಾಯ. 1670ರಲ್ಲಿ ಶಿವಾಜಿಯ ಸೇನಾನಿ ತಾನಾಜಿ ಮಾಲುಸರೆ ಕೋಟೆ ಹಿಡಿಯಲು ಯಾವ ಕಡಿದಾದ ಬದಿಯಿಂದ ಹತ್ತಿದನೆಂದು ತಿನ್ನುತ್ತಲೇ ಅಪ್ಪಂದಿರು ಮಕ್ಕಳಿಗೆ ತೋರಿಸುತ್ತಾರೆ. ಒಬ್ಬೊಬ್ಬರು ಒಂದೊಂದು ಬದಿಯನ್ನು ತೋರಿಸುವುದೂ ಉಂಟು.

ನಮಗೇನು ಕೊರತೆ? ಬೆಂಗಳೂರಿನ ಸುತ್ತ ಸಾವನದುರ್ಗ, ಮಾಕಳಿದುರ್ಗ, ಹುತ್ರಿದುರ್ಗ, ದೇವರಾಯನದುರ್ಗ ಮೊದಲಾದ ನವದುರ್ಗಗಳಿವೆ. ಅಂದು ಇಡ್ಲಿ ತಿಂದ ನಂದಿ ಬೆಟ್ಟವೂ ಅವುಗಳಲ್ಲೊಂದು. ಟಿಪ್ಪುವಿನ ಸೈನಿಕರು ಕಾಯುತ್ತಿದ್ದ ಆ ಕೋಟೆಯನ್ನು 1791ರಲ್ಲಿ ಬ್ರಿಟಿಷರ ಕಾರ್ನ್‌ವಾಲಿಸನ ಸೈನ್ಯ ಮುತ್ತಿಗೆ ಹಾಕಿ ಹಿಡಿದದ್ದು, ಅದೇ ವರ್ಷದ ಕೊನೆಗೆ ಸಾವನದುರ್ಗವೂ ಬಿದ್ದದ್ದು ಚರಿತ್ರೆ. ಕೋಟೆಯ ಗೋಡೆಗೆ ಒರಗಿ ನಿಂತು ಸೆಲ್ಫಿ ತೆಗೆದುಕೊಂಡ ನಮ್ಮ ಕುಟುಂಬದ ಆರು ಜನರಲ್ಲಿ ಒಬ್ಬರೂ ಆ ಮಾತನ್ನು ಎತ್ತಲಿಲ್ಲ. ಆ ಆರರಲ್ಲಿ ನಾನೂ ಒಬ್ಬ.

ಮರುದಿನ ಆ ತಪ್ಪಿಗೆ ಪ್ರಾಯಶ್ಚಿತ್ತವೆಂಬಂತೆ ಸೋದರಳಿಯನನ್ನು ಕರೆದುಕೊಂಡು ನಡೆಯಲು ಹೊರಟೆ. ಕಾರು ಬೇಡವೆಂದಾಗ ಅವನಿಗೆ ಅನುಮಾನವೇ ಬಂತು. ಲಾಲ್‌ಬಾಗಿನ ಬಂಡೆಯ ಮೇಲೆ ಅವನನ್ನು ಕೂರಿಸಿ, ಈ ಕಲ್ಲಿಗೆ ಸುಮಾರು 300 ಕೋಟಿ ವರ್ಷ ವಯಸ್ಸು, ಡೈನೋಸಾರ್‌ಗಳು ಇದರ ಮುಂದೆ ನಿನ್ನೆ ಮೊನ್ನೆಯವು ಎಂದಾಗ ಅವನು ಅಂಗೈಯಿಂದ ಕಲ್ಲನ್ನು ಸವರಿ ನೋಡಿದ. ಬಂಡೆಯ ನೆತ್ತಿಯಲ್ಲಿ ಕೆಂಪೇಗೌಡರ ಗೋಪುರವಿದೆ. ಅಂಥವು ಊರಿನಲ್ಲಿ ನಾಲ್ಕಿವೆಯೆಂದು ತಿಳಿದೊಡನೆ ಇನ್ನೊಂದನ್ನು ಇವತ್ತೇ ಹುಡುಕಬೇಕೆಂದು ಹಟ ಹಿಡಿದವನು ಅವನೇ. ಗಾಂಧಿ ಬಜಾರಿನಲ್ಲಿ ದೋಸೆ ತಿಂದು, ಬ್ಯೂಗಲ್ ರಾಕ್ ಹತ್ತಿ, ದೊಡ್ಡ ಬಸವಣ್ಣನ ಬೆನ್ನನ್ನು ನೋಡಿ, ಗವಿ ಗಂಗಾಧರೇಶ್ವರನ ಗುಹೆಯೊಳಗೆ ತಲೆ ಬಗ್ಗಿಸಿ ನುಗ್ಗಿ, ಕೆಂಪಾಂಬುಧಿ ಕೆರೆಯ ಬಳಿಯ ಗೋಪುರವನ್ನು ಮುಟ್ಟುವ ಹೊತ್ತಿಗೆ ಮೂರು ಗಂಟೆ ಕಳೆದಿತ್ತು. ನೆಟ್ಟಗೆ ನಡೆದರೆ ಒಂದು ಗಂಟೆಯೂ ಬೇಡದ ದಾರಿ ಅದು. ನಡುವೆ ಪಾದಚಾರಿ ಮಾರ್ಗದ ಚಪ್ಪಡಿಯೊಂದು ಜಾರಿ ನನ್ನ ಕಾಲು ಉಳುಕಿದ್ದನ್ನೂ ಹೇಳಬೇಕು. ಬೆಂಗಳೂರಿನಲ್ಲಿ ನಡೆಯುವವನಿಗೆ ಸಾಹಸವನ್ನು ಬೇರೆಡೆ ಅರಸುವ ಅಗತ್ಯವಿಲ್ಲ ಎಂದು ಭಾವ ಚುಚ್ಚಿದರು. ಅವರ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಮಕ್ಕಳನ್ನು ರಸ್ತೆಯಲ್ಲಿ ನಡೆಸಲು ಹೆದರುವ ತಾಯಂದಿರನ್ನು ನಾನು ದೂರಲಾರೆ. ಆದರೂ ಊರಿನೊಳಗಿನ ಕಾಡು, ಬಂಡೆಗಳ ಮೇಲೆ ಪ್ರೀತಿ ಹುಟ್ಟುವುದು ಅವುಗಳನ್ನು ಮೆಟ್ಟಿ ನಡೆದವರಿಗೇ. 2021ರಲ್ಲಿ ತುರಹಳ್ಳಿ ಕಾಡನ್ನು ವೃಕ್ಷೋದ್ಯಾನವಾಗಿಸುವ ಯೋಜನೆ ಬಂದಾಗ, ಕಾಡು ಕಾಡಾಗಿಯೇ ಇರಲಿ ಎಂದು ಸುತ್ತಲಿನ ನಿವಾಸಿಗಳು ಬೀದಿಗಿಳಿದರು. ವೇತಾಳ ಟೇಕಡಿಗೆ ರಸ್ತೆ, ಸುರಂಗಗಳು ಬರುವ ಮಾತು ಎದ್ದಾಗ 2023ರಲ್ಲಿ ಪುಣೆಯವರೂ ಹಾಗೆಯೇ ಮೆರವಣಿಗೆ ಹೊರಟರು.

ನಡಿಗೆಯ ಮಾತು ಇಷ್ಟಾಯಿತು. ಆದರೆ ಎರಡೂ ಊರುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನ್ನನ್ನು ಹೆಚ್ಚು ಕಾಡುವುದು ಕೈಗಳ ಕೆಲಸ.

ನಮ್ಮ ಮನೆಯ ದಸರೆಯ ಗೊಂಬೆಗಳಲ್ಲಿ ಅಜ್ಜಿಯ ಮದುವೆಯಲ್ಲಿ ಬಂದ ಪಟ್ಟದ ಗೊಂಬೆಗಳು ಮೇಲಿನ ಹಂತದಲ್ಲಿ ಕೂರುತ್ತಿದ್ದವು. ಅವುಗಳಿಗೆ ಬಟ್ಟೆ ಉಡಿಸುವುದು ದೊಡ್ಡವರ ಅಧಿಕಾರ. ಕೆಳಗೆ, ಹಂತಗಳು ಮುಗಿದು ನೆಲ ಶುರುವಾಗುವಲ್ಲಿ, 'ಪಾರ್ಕು' ಎಂಬ ರಾಜ್ಯ ಮಕ್ಕಳದು. ಹಬ್ಬಕ್ಕೆ ಒಂದು ವಾರ ಮೊದಲೇ ರಾಗಿ ನೆನೆಸಿ, ತಟ್ಟೆಯಲ್ಲಿ ಮಣ್ಣು ಹರಡಿ ಚೆಲ್ಲಿ, ಒದ್ದೆ ಬಟ್ಟೆ ಮುಚ್ಚಿ, ದಿನಕ್ಕೆ ನಾಲ್ಕು ಸಲ ಬಟ್ಟೆ ಎತ್ತಿ ನೋಡಿ ಅಜ್ಜಿಯಿಂದ ಬೈಸಿಕೊಳ್ಳುತ್ತಿದ್ದೆವು. ಆ ಹಸಿರು ಪೈರಿನ ನಡುವೆ ಕನ್ನಡಿಯ ಚೂರಿನ ಕೆರೆ, ಬೆಂಕಿಪೊಟ್ಟಣದ ಮನೆ, ಚನ್ನಪಟ್ಟಣದ ಮರದ ಎತ್ತಿನ ಗಾಡಿ. ಗೊಂಬೆ ನೋಡಲು ಬಂದವರು ಪಟ್ಟದ ಗೊಂಬೆಗೆ ಕೈ ಮುಗಿದು ಪಾರ್ಕಿನ ಮುಂದೆ ಕುಕ್ಕರಗಾಲಿನಲ್ಲಿ ಕೂರುತ್ತಿದ್ದರು. ಈಗ ಅಕ್ಕನ ಮನೆಯಲ್ಲಿ ಒಂಬತ್ತು ಹಂತಗಳಿವೆ, ದೀಪದ ಸರಗಳಿವೆ, ಅಂಗಡಿಯಿಂದ ತಂದ ಸುಂದರ ಸೆಟ್ಟುಗಳಿವೆ. ಪ್ಲಾಸ್ಟಿಕ್ ಹುಲ್ಲಿನ ಚಾಪೆಯೂ ಇದೆ. ಕಚೇರಿಯ ಕೆಲಸ ಮುಗಿಸಿ ಬಂದು ರಾತ್ರಿ ಒಂದರವರೆಗೆ ಅವುಗಳನ್ನು ಜೋಡಿಸುವ ಅಕ್ಕನ ಶ್ರಮವನ್ನು ಕಡಿಮೆ ಎನ್ನುವ ಧೈರ್ಯ ನನಗಿಲ್ಲ. ಆದರೆ ಮಕ್ಕಳ ಪಾಲಿಗೆ ಉಳಿದಿರುವ ಮಾತು ಒಂದೇ: ಮುಟ್ಟಬೇಡ.

ಪುಣೆಯಲ್ಲಿ ದೀಪಾವಳಿಯ ರಜೆ ಬಂದೊಡನೆ ಮಕ್ಕಳು ಮಣ್ಣಿನ ಕೋಟೆ, ಅವರ ಮಾತಿನಲ್ಲಿ 'ಕಿಲ್ಲಾ' ಕಟ್ಟುತ್ತಾರೆ. ಇಟ್ಟಿಗೆ, ಕಲ್ಲುಗಳನ್ನು ಪೇರಿಸಿ, ಕೆಸರಿನಲ್ಲಿ ಅದ್ದಿದ ಗೋಣಿತಾಟನ್ನು ಅದರ ಮೇಲೆ ಹೊದಿಸಿದರೆ ಬೆಟ್ಟ ಸಿದ್ಧ. ತಾಟಿನ ಮೇಲೆ ಸಾಸಿವೆಯನ್ನೋ ಅಳವಿ ಬೀಜವನ್ನೋ ಚೆಲ್ಲಿ ನೀರು ಚಿಮುಕಿಸಿದರೆ ನಾಲ್ಕೈದು ದಿನಕ್ಕೆ ಕಾಡು. ನೆತ್ತಿಯಲ್ಲಿ ಸಿಂಹಾಸನದ ಮೇಲೆ ಶಿವಾಜಿ, ಇಳಿಜಾರಿನಲ್ಲಿ ಅವನ ಮಾವಳಿ ಸೈನಿಕರು, ಬುಡದಲ್ಲಿ ಹಳ್ಳಿ. ನಾನು ಮೊದಲ ಸಲ ನೋಡಿದಾಗ ನನ್ನ ಕಣ್ಣು ಹೋದದ್ದು ಮಹಾರಾಜರ ಮೇಲಲ್ಲ, ಆ ಸಾಸಿವೆಯ ಪೈರಿನ ಮೇಲೆ. ಅಜ್ಜಿಯ ರಾಗಿ ತಟ್ಟೆಯೇ ಮರಾಠಿ ಕಲಿತು ಕೂತಂತೆ ಕಂಡಿತು. 1638ರಲ್ಲಿ ಬಿಜಾಪುರದವರು ಬೆಂಗಳೂರನ್ನು ಗೆದ್ದು ಜಹಗೀರಾಗಿ ಕೊಟ್ಟದ್ದು ಶಿವಾಜಿಯ ತಂದೆ ಶಹಾಜಿಗೆ. ಪುಣೆಯೂ ಅವನದೇ ಜಹಗೀರು. ಎರಡು ಊರುಗಳ ನೆಂಟಸ್ತಿಕೆ ನನ್ನಿಂದ ಶುರುವಾದದ್ದೇನಲ್ಲ.

ಆ ಕೋಟೆ ಕಟ್ಟುವಾಗ ದೊಡ್ಡವರ ಪಾತ್ರ ಇಟ್ಟಿಗೆ ಹೊತ್ತು ತಂದುಕೊಡುವುದಷ್ಟೇ. ಗೋಡೆ ವಾರೆಯಾದರೂ ವಾರೆಯಾಗಿಯೇ ಇರುತ್ತದೆ, ಬೆಕ್ಕು ಬಂದು ಬುರುಜನ್ನು ಕೆಡವಿದರೆ ಮರುದಿನ ರಿಪೇರಿ. ನನಗೆ ಹಿಡಿಸಿದ್ದು ಇದು. ಹಾಗೆಂದು ಪುಣೆಯನ್ನು ಹೊಗಳಿ ಅಟ್ಟಕ್ಕೇರಿಸುವುದಿಲ್ಲ: ಈಗ ಅಲ್ಲಿಯೂ ಪ್ಲಾಸ್ಟರ್‌ನ ಸಿದ್ಧ ಕೋಟೆಗಳು ರಸ್ತೆ ಬದಿಯಲ್ಲಿ ಮಾರಾಟಕ್ಕಿರುತ್ತವೆ, ಬಾಲ್ಕನಿಯಲ್ಲಿ ತಂದಿಟ್ಟರೆ ಹಬ್ಬ ಮುಗಿಯಿತು. ನಮ್ಮ ಸಂಕ್ರಾಂತಿಯ ಸಕ್ಕರೆ ಅಚ್ಚಿನ ಪಾಡೂ ಅದೇ ಅಲ್ಲವೇ? ಮರದ ಅಚ್ಚುಗಳು ಅಟ್ಟದಲ್ಲಿ, ಅಚ್ಚು ಅಂಗಡಿಯ ಪೊಟ್ಟಣದಲ್ಲಿ.

ನನ್ನ ಮಗಳು ಏಳು ವರ್ಷದವಳಿದ್ದಾಗ ಅವಳಿಗೂ ಕಿಲ್ಲಾ ಬೇಕಾಯಿತು. ನೆರೆಯ ಮಕ್ಕಳೆಲ್ಲ ರಾಯಗಡ, ಪ್ರತಾಪಗಡ ಕಟ್ಟುವಾಗ ನಾವು ಚಿತ್ರದುರ್ಗದ ಏಳು ಸುತ್ತಿನ ಕೋಟೆ ಕಟ್ಟೋಣವೆಂದೆ. ಏಳು ಸುತ್ತಿಗೆ ಜಾಗವಿಲ್ಲದೆ ಮೂರಕ್ಕೇ ನಿಲ್ಲಿಸಿದೆವು. ಅಕ್ಕನ ಮನೆಯಿಂದ ತಂದ, ಕೈ ಮುರಿದ ಶೆಟ್ಟಿ ಗೊಂಬೆಯ ಹೆಂಡತಿಗೆ ಬೆಂಕಿಕಡ್ಡಿಯ ಒನಕೆ ಅಂಟಿಸಿ ಕಿಂಡಿಯ ಪಕ್ಕ ನಿಲ್ಲಿಸಿದಾಗ, ಈ 'ಬಾಯಿ', ಅಂದರೆ ಹೆಂಗಸು, ಯಾರು, ಕೈಯಲ್ಲಿ ಕೋಲು ಯಾಕೆ ಎಂದು ಕಟ್ಟಡದ ಮಕ್ಕಳೆಲ್ಲ ಮುತ್ತಿದರು. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳಿದ್ದನ್ನೂ, ಓಬವ್ವ ಅವರನ್ನು ಒನಕೆಯಿಂದ ಬಡಿದದ್ದನ್ನೂ ಮಗಳು ತನ್ನ ಮರಾಠಿಯಲ್ಲಿ ಅಭಿನಯಿಸಿ ಹೇಳಿದಳು. ಮರುವರ್ಷ ಪಕ್ಕದ ಮನೆಯ ರಾಯಗಡದಲ್ಲಿಯೂ ಒಂದು ಕಿಂಡಿ ಕಾಣಿಸಿಕೊಂಡಿತು. ಅಂದಿನಿಂದ ಆರು ದೀಪಾವಳಿಗಳಾದವು. ಒಂದು ವರ್ಷವೂ ನಮ್ಮ ಕೋಟೆ ಹಿಂದಿನ ವರ್ಷದಂತಿಲ್ಲ, ಒಂದು ವರ್ಷವೂ ಅದು ಚಿತ್ರದುರ್ಗದಂತೆಯೂ ಇಲ್ಲ.

ಕೆಂಪಾಂಬುಧಿಯಿಂದ ಮನೆಗೆ ಬಂದ ಸಂಜೆ ಇದನ್ನೆಲ್ಲ ಹೇಳಿದಾಗ ಅಕ್ಕ, "ನಿನ್ನ ಪುಣೆ ಪುರಾಣ ಸಾಕು ಕಣೋ, ಮನೆಯೊಳಗೆ ಮಣ್ಣು ತಂದರೆ ಒರೆಸೋರು ಯಾರು?" ಎಂದಳು. ನಾನು ಒರೆಸುವುದಿಲ್ಲವೆಂದು ಅವಳಿಗೆ ಗೊತ್ತು. ಆದರೆ ಈ ವರ್ಷ ಮಹಾಲಯ ಅಮಾವಾಸ್ಯೆಗೆ ಇನ್ನೂ ಹತ್ತು ದಿನವಿರುವಾಗಲೇ ಅವಳ ಫೋನು ಬಂತು. ಸೋದರಳಿಯ ಗೊಂಬೆಯ ಕೆಳಗಿನ ಜಾಗ ತನಗೇ ಬೇಕೆಂದು ಹಟ ಮಾಡಿ, ಲಾಲ್‌ಬಾಗಿನ ಬಂಡೆಯನ್ನೂ ನಾಲ್ಕು ಗೋಪುರಗಳನ್ನೂ ಕಟ್ಟುತ್ತಾನಂತೆ. ಉಳಿದೆರಡು ಗೋಪುರಗಳನ್ನು ನೋಡಲು ಹಲಸೂರಿಗೂ ಮೇಖ್ರಿ ವೃತ್ತಕ್ಕೂ ಭಾವನನ್ನು ಎಳೆದುಕೊಂಡು ಹೋಗಿ ಬಂದನಂತೆ. ಅವಳ ತಕರಾರು ಬೇರೆಯೇ ಇತ್ತು. ಹುಡುಗ ಯಾರನ್ನೂ ಕೇಳದೆ ಅವತ್ತೇ ಅರ್ಧ ಸೇರು ರಾಗಿ ನೆನೆಹಾಕಿದ್ದ, ಹಬ್ಬ ಶುರುವಾಗುವ ಹೊತ್ತಿಗೆ ಪೈರು ಗೇಣುದ್ದ ಬೆಳೆದು ಗೋಪುರಗಳೇ ಮುಚ್ಚಿಹೋದರೆ ಏನು ಮಾಡುವುದು ಎಂದು ಕೇಳಿದಳು. ಕತ್ತರಿಯಲ್ಲಿ ಕತ್ತರಿಸಬಹುದು ಎಂದೆ. "ಅಜ್ಜಿ ಹಾಗೆ ಮಾಡ್ತಿರಲಿಲ್ಲ" ಎಂದು ಅವಳು ಫೋನಿಟ್ಟಳು.