ಕೊಯಮತ್ತೂರಿನಲ್ಲಿ ತಿಂಗಳಿಗೆ 100 ಯೂನಿಟ್ ಫ್ರೀ ಅಲ್ಲ

'ಮೈಸೂರು ಬಿಟ್ಟು ಕೊಯಮತ್ತೂರಿಗೆ ಹೋಗಿ. ಅಲ್ಲಿ ತಿಂಗಳಿಗೆ 100 ಯೂನಿಟ್ ಕರೆಂಟ್ ಫ್ರೀ, ಗಾಡಿ ನಂಬರ್ ಬದಲಿಸಬೇಕಿಲ್ಲ, ಬಾಡಿಗೆ ಅರ್ಧ' ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದರಲ್ಲಿ ತಪ್ಪುಗಳಿವೆ.

ತಮಿಳುನಾಡಿನಲ್ಲಿ ಮನೆ ಕರೆಂಟ್ ಬಿಲ್ ಬರುವುದು ಎರಡು ತಿಂಗಳಿಗೊಮ್ಮೆ. ಆ ಎರಡು ತಿಂಗಳಿಗೆ ಸೇರಿ 100 ಯೂನಿಟ್ ಉಚಿತ. ಅಂದರೆ ತಿಂಗಳಿಗೆ 50. ಇಲ್ಲಿ ಕರ್ನಾಟಕದಲ್ಲಿ ಗೃಹಜ್ಯೋತಿಯಲ್ಲಿ ಹಳೇ ಬಳಕೆಯ ಸರಾಸರಿಗೆ ಶೇ 10 ಸೇರಿಸಿ, ತಿಂಗಳಿಗೆ ಗರಿಷ್ಠ 200 ಯೂನಿಟ್‌ವರೆಗೆ ಉಚಿತ. ಬಾಡಿಗೆ ಮನೆಯವರಿಗೂ ಉಂಟು. ಊರು ಬಿಟ್ಟರೆ ಇದು ಕೈತಪ್ಪುತ್ತದೆ. ಹೆಂಗಸರಿಗೆ ಶಕ್ತಿ ಯೋಜನೆಯ ಬಸ್ಸೂ ಅಷ್ಟೇ. ಅಲ್ಲಿಯೂ ಟೌನ್ ಬಸ್ ಫ್ರೀ, ಆದರೆ ಇಲ್ಲಿಂದ ಧರ್ಮಸ್ಥಳಕ್ಕೆ ಹೋದ ಹಾಗೆ ದೂರದೂರಿಗೆ ಅಲ್ಲ.

ಗಾಡಿ ವಿಷಯ: ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಅಲ್ಲಿನ ನಂಬರ್ ಪಡೆಯಲೇಬೇಕು. ಅದಕ್ಕೆ ಇಲ್ಲಿನ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಬೇಕು, ಅಲ್ಲಿ ತೆರಿಗೆಯನ್ನೂ ಕಟ್ಟಬೇಕು. ಕಾರಿದ್ದರೆ ಇದು ಸಣ್ಣ ಮೊತ್ತವಲ್ಲ.

ಬಾಡಿಗೆ? ಸಂದೇಶ ಬರೆದವರು ನಮ್ಮ ಮೈಸೂರಿನ ಊರೊಳಗಿನ ಸರಸ್ವತಿಪುರಂ ಮನೆಯನ್ನು ಅಲ್ಲಿನ ಊರಾಚೆಯ ಲೇಔಟ್‌ಗೆ ಹೋಲಿಸಿದ್ದಾರೆ. ಹಾಗಾದರೆ ಸುಮ್ನೆ ಮೈಸೂರಿನಾಚೆಯ ಇಲವಾಲದ ಕಡೆ ನೋಡಬಹುದಿತ್ತು ಅಲ್ವಾ?