ಗಾಳಿ ಬೀಸದ ದಿನವೂ ಕಡಲು ನುಗ್ಗುತ್ತದೆ

2013ರ ನವೆಂಬರ್ 8ರಂದು ಫಿಲಿಪ್ಪೀನ್ಸಿನ ಸಮಾರ್ ದ್ವೀಪದ ಹೆರ್ನಾನಿ ಎಂಬ ಊರಿನಲ್ಲಿ, ಮನೆಯೊಂದರ ಮಹಡಿಯಿಂದ ಚಿತ್ರಿಸಿದ ಪುಟ್ಟ ವಿಡಿಯೊವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಹೈಯಾನ್ ಚಂಡಮಾರುತದ ಮಳೆಗಾಳಿ ಆರ್ಭಟಿಸುತ್ತಿರುವಾಗಲೇ ನೊರೆಯ ಗೋಡೆಯೊಂದು ಊರೊಳಕ್ಕೆ ನುಗ್ಗುತ್ತದೆ. ಎದುರಿನ ಮನೆ ಕೆಲವೇ ಕ್ಷಣಗಳಲ್ಲಿ ಕೊಚ್ಚಿಹೋಗುತ್ತದೆ. ನೋಡಿದವರು ಅದನ್ನು ಸುನಾಮಿ ಎಂದೇ ಭಾವಿಸುತ್ತಾರೆ. ಆದರೆ ಅಂದು ಭೂಮಿ ನಡುಗಿರಲಿಲ್ಲ, ಮೇಲಾಗಿ ಊರಿನ ಮುಂದೆ ಕಾವಲಿಗೆಂಬಂತೆ ಹವಳದ ದಿಬ್ಬವೂ ಇತ್ತು.

ದಿಬ್ಬವಿದ್ದರೆ ಭಯವಿಲ್ಲ ಎಂಬ ನಂಬಿಕೆ ಪೂರ್ತಿ ಸುಳ್ಳಲ್ಲ. ಜಗತ್ತಿನ ಹಲವೆಡೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಹವಳದ ದಿಬ್ಬಗಳು ಅಲೆಯ ಶಕ್ತಿಯಲ್ಲಿ ಸರಾಸರಿ ಶೇ. 97ರಷ್ಟನ್ನು ದಡ ಮುಟ್ಟುವ ಮೊದಲೇ ಹೀರಿಬಿಡುತ್ತವೆ. ಉಳಿದ ಅಲ್ಪಸ್ವಲ್ಪದ ನಡತೆ ಮಾತ್ರ ವಿಚಿತ್ರ. ದಿಬ್ಬದ ಅಂಚಿನಲ್ಲಿ ಒಡೆದ ಅಲೆಗಳು ನೀರನ್ನು ಒಳಕ್ಕೆ ತಳ್ಳುತ್ತಲೇ ಇರುವುದರಿಂದ ದಿಬ್ಬದ ಮೇಲಿನ ನೀರಿನ ಮಟ್ಟವೇ ಏರಿ ನಿಲ್ಲುತ್ತದೆ. ದೊಡ್ಡ ಅಲೆಗಳು ಒಂಟಿಯಾಗಿ ಬಾರದೆ ಗುಂಪುಗುಂಪಾಗಿ ಬರುವುದರಿಂದ, ಏರಿದ ಆ ನೀರು ನಿಮಿಷಗಳ ಅಂತರದಲ್ಲಿ ಹಿಂದಕ್ಕೂ ಮುಂದಕ್ಕೂ ತೂಗತೊಡಗುತ್ತದೆ. ತುಂಬಿದ ಬಕೆಟನ್ನು ಹೊತ್ತು ನಡೆಯುವಾಗ ಹೆಜ್ಜೆಯ ಲಯವೂ ನೀರಿನ ಲಯವೂ ಕೂಡಿಬಿಟ್ಟರೆ ನೀರು ಕಾಲ ಮೇಲೆ ಚೆಲ್ಲುತ್ತದಲ್ಲ, ಹಾಗೆ. ಸಾಧಾರಣ ಬಿರುಗಾಳಿಯಲ್ಲಿ ಹೆರ್ನಾನಿಯನ್ನು ಕಾಯುವ ದಿಬ್ಬವೇ ಹೈಯಾನ್‌ನಂಥ ಅಸಾಧಾರಣ ಅಲೆಗಳ ಎದುರು ಅಪಾಯವನ್ನು ಹೆಚ್ಚಿಸಿತೆಂದು 2015ರಲ್ಲಿ ಸಂಶೋಧಕರು ತೋರಿಸಿಕೊಟ್ಟರು.

ನನ್ನ ತಕರಾರು ಇರುವುದು ಇಲ್ಲಿಯೇ. ನಮ್ಮ ಮುನ್ಸೂಚನೆಗಳು ಈಗಲೂ ಗಾಳಿಯ ವೇಗವನ್ನೇ ಮುಂದಿಟ್ಟು ಮಾತನಾಡುತ್ತವೆ. ಒಡಿಶಾ, ಬಂಗಾಳದಂಥ ತೀರಗಳಲ್ಲಿ ಅದಕ್ಕೆ ಅರ್ಥವಿದೆ, ಏಕೆಂದರೆ ಅಲ್ಲಿನ ಆಳವಿಲ್ಲದ ವಿಶಾಲ ಕಡಲಿನಲ್ಲಿ ಗಾಳಿಯೇ ನೀರನ್ನು ಗುಡ್ಡೆ ಹಾಕಿ ದಡಕ್ಕೆ ದೂಡುತ್ತದೆ. ಸುತ್ತಲೂ ಕಡಲು ಕಡಿದಾಗಿ ಆಳಕ್ಕಿಳಿಯುವ ಹವಳದ ದ್ವೀಪಗಳಲ್ಲಿ ಗಾಳಿಗೆ ಆ ಅವಕಾಶ ಕಡಿಮೆ. ಅಲ್ಲಿ ಕೇಳಬೇಕಾದದ್ದು ಅಲೆಯ ಎತ್ತರವೆಷ್ಟು, ಎರಡು ಅಲೆಗಳ ನಡುವೆ ಎಷ್ಟು ಸೆಕೆಂಡು, ಅವು ಯಾವ ದಿಕ್ಕಿನವು, ಆ ಹೊತ್ತಿಗೆ ಭರತವೋ ಇಳಿತವೋ ಎಂಬುದನ್ನು. ಶಾಂತಸಾಗರದ ಮಾರ್ಷಲ್ ದ್ವೀಪಗಳ ರಾಯ್-ನಮೂರ್‌ನಲ್ಲಿ 2024ರ ಜನವರಿ 20ರ ರಾತ್ರಿ ಭೋಜನಶಾಲೆಯ ಬಾಗಿಲು ಮುರಿದು ನೀರು ನುಗ್ಗಿದ್ದು ಎಲ್ಲೋ ದೂರದಲ್ಲೆದ್ದ ಅಲೆಗಳಿಂದ. ಅದೇ ವರ್ಷದ ಮಾರ್ಚ್ 31ರಂದು ಕೇರಳದ ತೀರದ ಮನೆಗಳಿಗೆ ನುಗ್ಗಿದ ನೀರೂ ಸಾವಿರಾರು ಕಿಲೋಮೀಟರ್ ದಕ್ಷಿಣದ ಕಡಲಿನಲ್ಲಿ ಹುಟ್ಟಿದ್ದೇ. ಮಲಯಾಳಿಗಳು ಇದನ್ನು 'ಕಳ್ಳಕ್ಕಡಲ್' ಎನ್ನುತ್ತಾರೆ; ಕಳ್ಳನಂತೆ ಬರುವ ಕಡಲು. ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಇನ್ಕಾಯ್ಸ್ ಸಂಸ್ಥೆ ಇದಕ್ಕಾಗಿಯೇ ಎಚ್ಚರಿಕೆ ಕೊಡುತ್ತಿರುವುದು ಮೆಚ್ಚತಕ್ಕ ಕೆಲಸ. ಆದರೆ ತೀರಕ್ಕೆಲ್ಲ ಒಂದೇ ಎಚ್ಚರಿಕೆ ಸಾಲದು, ದ್ವೀಪದ ಪ್ರತಿ ಮಗ್ಗುಲಿಗೂ ಬೇರೆ ಬೇರೆ ಬೇಕು. ಅಲೆ ಮತ್ತು ಭರತದ ನೂರಾರು ಜೋಡಣೆಗಳನ್ನು ಮೊದಲೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿಟ್ಟುಕೊಂಡರೆ, ಅಂದಂದಿನ ಅಲೆಗೆ ಯಾವ ಬೀದಿಗೆ ನೀರು ಬರಬಹುದೆಂದು ಹೇಳುವುದು ಅಸಾಧ್ಯವೇನಲ್ಲ. ಮಾರ್ಷಲ್ ದ್ವೀಪಗಳ ಮಜುರೋಗೆ ಹವಾಯಿ ವಿಶ್ವವಿದ್ಯಾಲಯದ ತಂಡ ಈಗಾಗಲೇ ಹಲವು ದಿನ ಮುಂಚಿತವಾಗಿ ಇಂಥ ಮುನ್ಸೂಚನೆ ಕೊಡುತ್ತಿದೆ.

ಎಚ್ಚರಿಕೆಯ ಮಾತು ಕೂಡ ಮುಖ್ಯ. ಹೈಯಾನ್‌ಗೆ ಮೊದಲು ಟಕ್ಲೋಬಾನ್ ನಗರದಲ್ಲಿ 'ಸ್ಟಾರ್ಮ್ ಸರ್ಜ್', ಅಂದರೆ ಬಿರುಗಾಳಿ ದಡಕ್ಕೆ ದೂಡುವ ನೀರಿನ ಉಬ್ಬರ, ಬರಲಿದೆಯೆಂದು ಸಾರಿದ್ದರು. ಆ ಪದ ಬಹಳಷ್ಟು ಜನರಿಗೆ ತಿಳಿಯಲಿಲ್ಲ, ಸುನಾಮಿ ಎಂದಿದ್ದರೆ ಓಡುತ್ತಿದ್ದೆವು ಎಂದು ಬದುಕುಳಿದವರು ಆಮೇಲೆ ಹೇಳಿದರು. ನಮ್ಮ ಲಕ್ಷದ್ವೀಪದಲ್ಲಿ ಮಿನಿಕಾಯ್ ಜನರ ಮನೆಮಾತು ಮಹಲ್, ಉಳಿದ ದ್ವೀಪಗಳದ್ದು ಮಲಯಾಳದ ಒಂದು ಬಗೆಯಾದ ಜೆಸೆರಿ. ಅವರವರ ಮಾತಿನಲ್ಲಿ, ನೀರು ಮೊಣಕಾಲಿಗೋ ಸೊಂಟಕ್ಕೋ ಎಂದು ಹೇಳದ ಎಚ್ಚರಿಕೆಯಿಂದ ಏನು ಪ್ರಯೋಜನ?

'ನಮ್ಮ' ಎಂದದ್ದು ಬಾಯಿಮಾತಿಗಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾಟ್ ಮತ್ತು ಬಿತ್ರ ದ್ವೀಪಗಳು 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ಮತ್ತು ಇಂದಿಗೂ ಮಂಗಳೂರಿನ ಹಳೆಬಂದರಿನಿಂದ ತರಕಾರಿ, ಜಲ್ಲಿ, ಸಿಮೆಂಟು ಹೊತ್ತ ಮಂಜಿ ಎಂಬ ಸರಕು ಹಡಗುಗಳು ಲಕ್ಷದ್ವೀಪಕ್ಕೆ ಹೋಗುತ್ತವೆ. ಆ ಜಲ್ಲಿ ಸಿಮೆಂಟಿನಲ್ಲಿ ತಡೆಗೋಡೆ ಕಟ್ಟಬಾರದೆಂದು ನಾನು ಹೇಳುವುದಿಲ್ಲ. ಆದರೆ 1998, 2010 ಮತ್ತು 2016ರಲ್ಲಿ ಕಡಲಿನ ನೀರು ಬಿಸಿಯೇರಿ ಬಿಳಿಚಿದ ಹವಳ ಸತ್ತು ಸವೆದಷ್ಟೂ ದಿಬ್ಬ ನುಣುಪಾಗುತ್ತದೆ, ಅದರ ಮೇಲಿನ ನೀರು ಆಳವಾಗುತ್ತದೆ, ಒಡೆಯದೆ ಒಳಬರುವ ಅಲೆ ಹೆಚ್ಚುತ್ತದೆ. ಇದನ್ನು ಮರೆತು ದಡದ ಗೋಡೆಯೊಂದಕ್ಕೇ ಹಣ ಸುರಿಯುವುದು ನನಗೆ ಒಪ್ಪಿಗೆಯಿಲ್ಲ. ಮೆಕ್ಸಿಕೋದ ಕ್ವಿಂಟಾನಾ ರೂ ರಾಜ್ಯ ತನ್ನ ಹವಳದ ದಿಬ್ಬಕ್ಕೇ ವಿಮೆ ಮಾಡಿಸಿ, 2020ರ ಡೆಲ್ಟಾ ಚಂಡಮಾರುತದ ನಂತರ ಆ ಹಣದಿಂದ ಮುರಿದ ಹವಳವನ್ನು ಮತ್ತೆ ಅಂಟಿಸುವ ಕೆಲಸ ಮಾಡಿಸಿತು.

ಲಕ್ಷದ್ವೀಪದ ಕಲ್ಪೇನಿಯ ಪೂರ್ವ ದಂಡೆಯಲ್ಲಿ ಹವಳದ ಕಲ್ಲುಗಳ ರಾಶಿಯೇ ಇದೆ. 1847ರ ಚಂಡಮಾರುತ ಅದನ್ನು ತಂದೊಡ್ಡಿತೆಂದು ಹೇಳುತ್ತಾರೆ. ಬಂದರಿನಲ್ಲಿ ಚಹಾ ಕುಡಿಯುತ್ತಾ ಆ ರಾಶಿಯ ಮಾತು ತೆಗೆದಾಗ ಅದೇ ದ್ವೀಪದ ಹಿರಿಯ ಮಂಜಿ ನಾವಿಕರೊಬ್ಬರು, 2017ರ ಓಖಿ ಚಂಡಮಾರುತದ ನೀರು ಎಲ್ಲಿಯವರೆಗೆ ಏರಿತ್ತೆಂದು ತಮ್ಮ ಮನೆಯ ಹಿಂದಿನ ತೆಂಗಿನ ಮರಕ್ಕೆ ಕತ್ತಿಯಿಂದ ಗುರುತು ಹಾಕಿರುವುದಾಗಿ ಹೇಳಿದರು. ಯಾವ ಲೆಕ್ಕವನ್ನಾದರೂ ತಾಳೆ ನೋಡಲು ಬೇಕಾದ ಗುರುತು ಅದು. ಅದಕ್ಕೆ ಟೇಪು ಹಿಡಿಯಲು ಈವರೆಗೆ ಯಾರೂ ಬಂದಿಲ್ಲವಂತೆ.